ಟೆಸ್ಟ್ ಬೆಂಚ್ ಆಗಾಗ ಕಮ್ಯುನಿಕೇಷನ್ ಎರರ್ ಕೊಡುತ್ತಿದೆಯೇ? ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಇಪ್ಪತ್ತೆರಡು ವರ್ಷದಿಂದ ಟೆಸ್ಟ್ ಬೆಂಚ್ (ತಯಾರಾದ ಮಾಲನ್ನು ಪರೀಕ್ಷಿಸುವ ಯಂತ್ರ) ಸರ್ವಿಸ್ ಮಾಡುತ್ತಿರುವ ನಮ್ಮ ಎಂಜಿನಿಯರ್ ಸಾರ್ ಇವತ್ತು ಸಂಜೆ ಸಿಕ್ಕಿದ್ದಾರೆ. ಬೆಂಚಿನ ಮೀಟರು, ಸೆನ್ಸರು ಕಂಪ್ಯೂಟರಿಗೆ ಒಮ್ಮೆ ಉತ್ತರ ಕೊಟ್ಟು ಇನ್ನೊಮ್ಮೆ ಕೊಡದೆ ಇರುವ ತೊಂದರೆ ಬಗ್ಗೆ ಮಾತ್ರ ಕೇಳಿ.

ಸಾಗರದಿಂದ: ಸಾರ್, ನಮ್ಮ ಯುಎಸ್‌ಬಿ ಕನ್ವರ್ಟರ್ (ಮೀಟರನ್ನು ಪಿಸಿಗೆ ಜೋಡಿಸೋ ಡಬ್ಬಿ) ನಾವು ಊಟ ಮುಗಿಸಿ ಬರೋಷ್ಟರಲ್ಲಿ ಸತ್ತಿರುತ್ತೆ. ಕಳಚಿ ಹಾಕಿದ್ರೆ ಮತ್ತೆ ಸರಿ.

ಎಂಜಿನಿಯರ್: ವಿಂಡೋಸ್ ಪವರ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅಂತ ಇದೆ, ಬಳಸದೆ ಇರುವ ಸಾಧನವನ್ನು ಮಲಗಿಸುತ್ತೆ. ಅದನ್ನು ಆಫ್ ಮಾಡಿ. ಪಿಸಿ ಸ್ಲೀಪ್‌ಗೆ ಹೋಗೋದನ್ನೂ ನಿಲ್ಲಿಸಿ.

ಭದ್ರಾವತಿಯಿಂದ: (ಬೇರೆ ಗುಂಪಿನಿಂದ ಬಂದದ್ದು) ಕಾಮ್ ಎರರ್‌ಗೆ ಶಾಶ್ವತ ಪರಿಹಾರ! ಪಿಸಿಯ ಪವರ್ ಕಾರ್ಡಿನ ಅರ್ಥ್ ಪಿನ್ ಕತ್ತರಿಸಿ, ಗ್ರೌಂಡ್ ಲೂಪ್ ಮಾಯ. ಎಲ್ಲ ಎಂಜಿನಿಯರ್ ಗೆಳೆಯರಿಗೂ ಕಳಿಸಿ.

ಎಂಜಿನಿಯರ್: ಯಾರೂ ಮಾಡಬೇಡಿ. ದಯವಿಟ್ಟು ಆ ಮೆಸೇಜ್ ಅಳಿಸಿ. ಪಿನ್ ಕತ್ತರಿಸಿದ ಮೇಲೆ ಒಳಗೆ ಫೇಸ್ ಬಾಡಿಗೆ ತಾಗಿದರೆ 230 ವೋಲ್ಟ್ ನೇರ ಪಿಸಿ ಡಬ್ಬದ ಮೇಲೆ ಬರುತ್ತೆ. ಬೆಂಚಿನ ಮುಂದೆ ಎಣ್ಣೆ, ನೀರು ಚೆಲ್ಲಿದ ನೆಲದಲ್ಲಿ ನಿಂತಿರುವ ಹುಡುಗ ಒಂದು ಕೈಯನ್ನು ವಾಲ್ವ್ ಮೇಲೆ, ಇನ್ನೊಂದನ್ನು ಪಿಸಿ ಮೇಲೆ ಇಟ್ಟರೆ ಅವನ ಗತಿ ಏನು? ಗ್ರೌಂಡ್ ಲೂಪ್, ಅಂದ್ರೆ ಎರಡು ಕಡೆಯ ಅರ್ಥ್ ನಡುವೆ ಕರೆಂಟ್ ಹರಿದು ಸಿಗ್ನಲ್ ಕೆಡಿಸೋದು, ನಿಜವಾದ ತೊಂದರೆಯೇ. ಅದಕ್ಕೆ ಪಿಸಿ ಕಡೆ, ಮೀಟರು ಕಡೆ ಎರಡರ ವಿದ್ಯುತ್ ಬೇರೆ ಇಡುವ ಐಸೊಲೇಟೆಡ್ ಆರ್‌ಎಸ್-485 (ಮೀಟರು, ಸೆನ್ಸರಿನ ಸಿಗ್ನಲ್ ತಂತಿಯ ಪದ್ಧತಿ) ಕನ್ವರ್ಟರ್ ಸಿಗುತ್ತೆ, ಅದನ್ನು ತಗೊಳ್ಳಿ.

ಭದ್ರಾವತಿಯಿಂದ: ಸಾರ್, ನಾನು ಬರೆದದ್ದಲ್ಲ, ಬಂದದ್ದನ್ನ ಹಾಕಿದೆ ಅಷ್ಟೆ.

ಎಂಜಿನಿಯರ್: ಕಳಿಸಿದವರು ನೀವೇ ಅಲ್ವಾ.

ಮಾಚೇನಹಳ್ಳಿಯಿಂದ: ಸಾರ್, ನಮ್ಮದು ಹೈಡ್ರಾಲಿಕ್ ವಾಲ್ವ್ ಲೀಕ್ ಟೆಸ್ಟ್ ಬೆಂಚ್. 60 ಬಾರ್‌ಗೆ ಏರಿಸಿ ಎರಡು ನಿಮಿಷ ಹಿಡಿದು ಪ್ರೆಷರ್ ಎಷ್ಟು ಇಳೀತು ಅಂತ ನೋಡ್ತೀವಿ. ಪ್ರೆಷರ್, ಆಯಿಲ್ ಟೆಂಪರೇಚರ್ ಎರಡೂ ಒಂದೇ ಮಾಡ್ಯೂಲ್, ಪಿಸಿ ಜೊತೆ ಮಾತಾಡೋ ಭಾಷೆ ಮಾಡ್‌ಬಸ್. ಆರಿದ್ರಾ ಮಳೆ ಹಿಡಿದಾಗಿಂದ ಬೆಳಿಗ್ಗೆ ಹೊತ್ತು ಟೈಮ್ಔಟ್ (ಇಟ್ಟ ಸಮಯದೊಳಗೆ ಉತ್ತರ ಬರದಿರೋದು) ಬರ್ತಿದೆ, ಮಧ್ಯಾಹ್ನ ಇಲ್ಲ. ಕೇಬಲ್ ಬದಲಾಯಿಸಿದ್ವಿ, ಕನೆಕ್ಟರ್ ಕಿಲುಬು ತೆಗೆದ್ವಿ, ಪ್ಯಾನೆಲ್ ಒಳಗೆ ಬಲ್ಬ್ ಉರಿಸಿಟ್ವಿ. ಜಗ್ಗಲಿಲ್ಲ. ಇನ್ನೊಂದು ವಿಚಿತ್ರ ಅಂದ್ರೆ ಮೊನ್ನೆ ಡಯಲ್ ಗೇಜ್ 60 ತೋರಿಸ್ತಿದ್ರೆ ಸ್ಕ್ರೀನಲ್ಲಿ 31.4 ಬಂತು.

ತೀರ್ಥಹಳ್ಳಿಯಿಂದ: ತೇವ ಮಾರಾಯ್ರೆ, ಇನ್ನೇನು. ನಮ್ಮ ಕಡೆ ಮಳೆಗಾಲದಲ್ಲಿ ಬೆಂಕಿಪೊಟ್ಟಣವೇ ಹತ್ತಲ್ಲ.

ಎಂಜಿನಿಯರ್: ಸ್ವಲ್ಪ ತಡೀರಿ. ಮಾಚೇನಹಳ್ಳಿಯವರೇ, ಆ 31.4 ಬಂದಾಗ ಟೆಂಪರೇಚರ್ ಕಾಲಮ್ಮಿನಲ್ಲಿ ಎಷ್ಟಿತ್ತು? ಸೇವ್ ಆದ ಫೈಲ್ ತೆಗೆದು ನೋಡಿ ಹೇಳಿ. ಟೈಮ್ಔಟ್ ಎಷ್ಟಕ್ಕೆ ಇಟ್ಟಿದ್ದೀರಿ ಅನ್ನೋದನ್ನೂ ಹೇಳಿ.

ಶಿಕಾರಿಪುರದಿಂದ: ಯುಎಸ್‌ಬಿ ಕಳಚಿ ಹಾಕಿದ್ರೆ ಸರಿಹೋಗುತ್ತೆ, ಯಾಕೆ ಸಾರ್?

ಎಂಜಿನಿಯರ್: ಮೇಲೆ ಸಾಗರದವರಿಗೆ ಹೇಳಿದ್ದೇನೆ.

ಸಾಗರದಿಂದ: ಕೇಬಲ್ಲಿನ ಶೀಲ್ಡ್ (ತಂತಿ ಸುತ್ತಲಿನ ಲೋಹದ ಹೊದಿಕೆ) ಒಂದೇ ಕಡೆ ಅರ್ಥ್ ಮಾಡಬೇಕಲ್ವಾ ಸಾರ್? ನಮ್ಮಲ್ಲಿ ಎರಡೂ ಕಡೆ ಮಾಡಿದ್ದಾರೆ.

ಭದ್ರಾವತಿಯಿಂದ: ಎರಡೂ ಕಡೆ ಮಾಡಲೇಬೇಕು. ಡ್ರೈವ್ (ಮೋಟಾರಿನ ವೇಗ ನಿಯಂತ್ರಿಸೋ ಸಾಧನ) ಮ್ಯಾನ್ಯುಯಲ್ ನೋಡಿ.

ಸಾಗರದಿಂದ: ಎರಡು ಕಡೆ ಮಾಡಿದ್ರೆ ಶೀಲ್ಡಲ್ಲೇ ಕರೆಂಟ್ ಹರಿಯುತ್ತೆ. ಐಟಿಐ ಮೊದಲ ವರ್ಷದ ಪಾಠ ಇದು.

ಭದ್ರಾವತಿಯಿಂದ: ಐಟಿಐ ಪಾಠ ನಮಗೆ ಹೇಳಬೇಡಿ. ಹದಿನೈದು ವರ್ಷ ರೋಲಿಂಗ್ ಮಿಲ್ಲಿನಲ್ಲಿ ಪ್ಯಾನೆಲ್ ಕಟ್ಟಿದ್ದೀನಿ.

ಸಾಗರದಿಂದ: ಕಟ್ಟಿದ್ದೀರಿ, ಆಮೇಲೆ ಅರ್ಥ್ ಪಿನ್ ಕತ್ತರಿಸಿದ್ದೀರಿ.

ಎಂಜಿನಿಯರ್: ಇಬ್ಬರೂ ಬೇರೆ ಬೇರೆ ಕೇಬಲ್ ಬಗ್ಗೆ ಜಗಳ ಆಡ್ತಿದ್ದೀರಿ. ಡ್ರೈವಿನಿಂದ ಮೋಟಾರಿಗೆ ಹೋಗುವ ಪವರ್ ಕೇಬಲ್ಲಿನ ಶೀಲ್ಡ್ ಎರಡೂ ತುದಿ ಅರ್ಥ್ ಆಗಬೇಕು. ಸಿಗ್ನಲ್ ಕೇಬಲ್ಲಿನದು ನಮ್ಮಂಥ ಬೆಂಚಿನಲ್ಲಿ ಪ್ಯಾನೆಲ್ ಕಡೆ ಮಾತ್ರ ಸಾಕು. ಅದಕ್ಕಿಂತ ಮೊದಲು ಎರಡೂ ಕೇಬಲ್ ಒಂದೇ ಟ್ರೇನಲ್ಲಿ ಓಡ್ತಿವೆಯಾ ನೋಡಿ. ಓಡ್ತಿದ್ರೆ ಬೇರೆ ಮಾಡಿ.

ಮಾಚೇನಹಳ್ಳಿಯಿಂದ: ಸಾರ್, ಫೈಲ್ ತೆಗೆದೆ. 9 ಗಂಟೆ 12 ನಿಮಿಷಕ್ಕೆ ಪ್ರೆಷರ್ ಕಾಲಮ್ಮಿನಲ್ಲಿ 31.4, ಟೆಂಪರೇಚರ್ ಕಾಲಮ್ಮಿನಲ್ಲಿ 60.1. ಅದಲುಬದಲಾಗಿದೆ! ಟೈಮ್ಔಟ್ ಮೊದಲು 300 ಮಿಲಿಸೆಕೆಂಡ್ ಇತ್ತು. ಸೈಕಲ್ ಟೈಮ್ ಕಡಿಮೆ ಮಾಡಬೇಕು ಅಂತ ಹೋದ ತಿಂಗಳು 50ಕ್ಕೆ ಇಳಿಸಿದ್ದಾರೆ.

ಎಂಜಿನಿಯರ್: ನನ್ನ ಅನುಮಾನ ಇದೇ ಆಗಿತ್ತು. ಇದು ತೇವ ಅಲ್ಲ, ಕೇಬಲ್ಲೂ ಅಲ್ಲ. ನಿಧಾನವಾಗಿ ಓದಿ.

9600 ಬಾಡ್ (ಸೆಕೆಂಡಿಗೆ 9600 ಬಿಟ್) ವೇಗದಲ್ಲಿ ನೀವು ಕೇಳುವ ಪ್ರಶ್ನೆ 8 ಬೈಟ್, ತಂತಿಯ ಮೇಲೆ ಹೋಗೋಕೆ ಸುಮಾರು 9 ಮಿಲಿಸೆಕೆಂಡ್ ಬೇಕು. ಎರಡು ರಿಜಿಸ್ಟರಿನ (ಮಾಡ್ಯೂಲಿನಲ್ಲಿ ರೀಡಿಂಗ್ ಇರುವ ಖಾನೆ) ಉತ್ತರ 9 ಬೈಟ್, ಅದಕ್ಕೆ 10. ಕನ್ವರ್ಟರಿನಲ್ಲಿ ಎಫ್‌ಟಿಡಿಐ ಕಂಪನಿಯ ಚಿಪ್ ಇದ್ದರೆ ಅದರ ಲೇಟೆನ್ಸಿ ಟೈಮರ್ ಡಿಫಾಲ್ಟ್ 16, ಅಂದ್ರೆ ಬಂದ ಬೈಟುಗಳನ್ನು ಅಷ್ಟು ಹೊತ್ತು ಹಿಡಿದಿಟ್ಟು ಪಿಸಿಗೆ ಕೊಡಬಹುದು. ಅಲ್ಲಿಗೇ 35 ಆಯ್ತು. ಉಳಿದ 15ರಲ್ಲಿ ಮಾಡ್ಯೂಲ್ ಯೋಚಿಸಿ ಉತ್ತರ ಕೊಡಬೇಕು, ವಿಂಡೋಸ್ ಅದನ್ನು ನಿಮ್ಮ ಪ್ರೋಗ್ರಾಮಿಗೆ ಮುಟ್ಟಿಸಬೇಕು. ಬೆಳಿಗ್ಗೆ ಪಿಸಿ ಆಗಷ್ಟೇ ಆನ್ ಆಗಿರುತ್ತೆ, ಆಂಟಿವೈರಸ್, ಅಪ್‌ಡೇಟ್ ಎಲ್ಲ ಒಟ್ಟಿಗೆ ಓಡ್ತಿರುತ್ತವೆ. ಆಗ 50 ದಾಟುತ್ತೆ. ಮಳೆ ಮತ್ತು 50ಕ್ಕೆ ಇಳಿಸಿದ್ದು ಒಂದೇ ತಿಂಗಳು ಬಂದದ್ದರಿಂದ ನೀವು ಮಳೆಯನ್ನು ಹಿಡಿದಿರಿ.

ನನಗೆ ಭಯ ಇರೋದು ಟೈಮ್ಔಟ್ ಬಗ್ಗೆ ಅಲ್ಲ, ಅದರ ನಂತರ ಆಗೋದರ ಬಗ್ಗೆ. ಪ್ರೋಗ್ರಾಮ್ ಕಾಯೋದು ಬಿಟ್ಟಿತು, ಆದರೆ ಉತ್ತರ ತಡವಾಗಿಯಾದರೂ ಬಂದು ಬಫರಿನಲ್ಲಿ (ಬಂದ ಬೈಟುಗಳು ಕಾಯುವ ಜಾಗ) ಕೂತಿತು. ಮುಂದಿನ ಪ್ರಶ್ನೆ ಕೇಳಿದಾಗ ಪ್ರೋಗ್ರಾಮಿಗೆ ಮೊದಲು ಸಿಗೋದು ಆ ಹಳೇ ಉತ್ತರ. ಮಾಡ್‌ಬಸ್ ಉತ್ತರದಲ್ಲಿ ಯಾವ ರಿಜಿಸ್ಟರಿನದು ಅನ್ನೋದೇ ಇರಲ್ಲ. ಮಾಡ್ಯೂಲಿನ ವಿಳಾಸ ಸರಿ, ಉದ್ದ ಸರಿ, ಸಿಆರ್‌ಸಿ (ತಪ್ಪು ಹಿಡಿಯುವ ಲೆಕ್ಕ) ಸರಿ. ಎರರ್ ಬರೋದೇ ಇಲ್ಲ. ಆ ಒಂದು ಹೆಜ್ಜೆ ಹಿಂದುಮುಂದು ಬಫರ್ ಖಾಲಿಯಾಗೋವರೆಗೂ ಹಾಗೇ ಸಾಗುತ್ತೆ.

ಈಗ ನಿಮ್ಮ ಟೆಸ್ಟಿಗೆ ಬನ್ನಿ. ನೀವು ನೋಡೋದು ಇಳಿದ ಪ್ರೆಷರ್ ಮಾತ್ರ. ಪ್ರೆಷರ್ ಜಾಗದಲ್ಲಿ ಟೆಂಪರೇಚರ್ ಇದ್ದರೆ ಎರಡು ನಿಮಿಷದಲ್ಲಿ 31.4 ಹಾಗೇ 31.4 ಇರುತ್ತೆ. ಇಳಿಕೆ ಸೊನ್ನೆ. ಸೋರುವ ವಾಲ್ವ್ ಕೂಡ ಪಾಸ್ ಆಗುತ್ತೆ.

ಮಾಚೇನಹಳ್ಳಿಯಿಂದ: ಅಯ್ಯೋ. ಸಾರ್, ಮಾಲು ಹೋಗಿಬಿಟ್ಟಿದೆ.

ಎಂಜಿನಿಯರ್: ಇವತ್ತು ರಾತ್ರಿನೇ ಕ್ವಾಲಿಟಿಯವರಿಗೆ ಹೇಳಿ. 50ಕ್ಕೆ ಇಳಿಸಿದ ದಿನದಿಂದ ಇಲ್ಲಿವರೆಗಿನ ಫೈಲುಗಳಲ್ಲಿ ಶುರುವಿನ ಪ್ರೆಷರ್ 60ರ ಆಸುಪಾಸು ಇಲ್ಲದ ಎಲ್ಲ ಸೀರಿಯಲ್ ನಂಬರ್ ಪಟ್ಟಿ ಮಾಡಿ, ಮತ್ತೆ ಟೆಸ್ಟ್ ಮಾಡಿಸಿ. ಟೈಮ್ಔಟ್ ವಾಪಸ್ 300 ಮಾಡಿ. ಪ್ರತಿ ಪ್ರಶ್ನೆಗೆ ಮುಂಚೆ ಇನ್‌ಪುಟ್ ಬಫರ್ ಖಾಲಿ ಮಾಡೋ ಒಂದು ಸಾಲು ಪ್ರೋಗ್ರಾಮಿಗೆ ಸೇರಿಸಿ. ಟೈಮ್ಔಟ್ ಆದ್ರೆ ಆ ಪೀಸ್ ಪಾಸೂ ಅಲ್ಲ, ಫೇಲೂ ಅಲ್ಲ, ಟೆಸ್ಟೇ ಆಗಿಲ್ಲ ಅಂತ ಬರಬೇಕು. ಶುರುವಿನ ಪ್ರೆಷರ್ 60ರ ಹತ್ತಿರ ಇಲ್ಲದಿದ್ರೆ ಬೆಂಚ್ ಮುಂದೆ ಹೋಗಬಾರದು.

ತೀರ್ಥಹಳ್ಳಿಯಿಂದ: ಅಷ್ಟೆಲ್ಲ ರಗಳೆ ಯಾಕೆ, ಬೆಳಿಗ್ಗೆ ಯುಎಸ್‌ಬಿ ಒಮ್ಮೆ ಕಳಚಿ ಹಾಕಿದ್ರೆ ಆಯ್ತಲ್ಲ ಮಾರಾಯ್ರೆ. ಬಫರ್ ಖಾಲಿ ಆಗುತ್ತೆ ಅಂತ ನೀವೇ ಹೇಳಿದ್ರಿ.

ಎಂಜಿನಿಯರ್: ಕಳಚಿ ಹಾಕಿದ ಹತ್ತನೇ ನಿಮಿಷಕ್ಕೆ ಇನ್ನೊಂದು ಟೈಮ್ಔಟ್ ಆದರೆ? ಆ ವಾಲ್ವ್ ಹೋಗಿ ಕೂರೋದು ಯಾವುದೋ ಜೆಸಿಬಿಯಲ್ಲಿ. ಎತ್ತಿದ ಬಕೆಟ್ ಕೆಳಗೆ ಮನುಷ್ಯರು ಕೆಲಸ ಮಾಡ್ತಾರೆ.

ಶಿವಮೊಗ್ಗದ ವಿದ್ಯಾರ್ಥಿ: ಸಾರ್, ಕಾಲೇಜು ಲ್ಯಾಬಲ್ಲಿ ಹಳೇ ಜಿಪಿಐಬಿ (ಹಲವು ಮೀಟರನ್ನು ಒಂದೇ ಕೇಬಲ್ ಸಾಲಿಗೆ, ಅಂದ್ರೆ ಬಸ್ಸಿಗೆ ಜೋಡಿಸೋ ಪದ್ಧತಿ) ಮೀಟರುಗಳಿವೆ. ಒಂದು ಹೆಚ್ಚು ಸೇರಿಸಿದ್ರೆ ಎಲ್ಲವೂ ನಿಲ್ಲುತ್ತೆ.

ಎಂಜಿನಿಯರ್: ಒಂದು ಬಸ್ಸಿಗೆ 15 ಸಾಧನ, ಒಟ್ಟು ಕೇಬಲ್ 20 ಮೀಟರ್ ಅಥವಾ ಸಾಧನಕ್ಕೆ ಸರಾಸರಿ 2 ಮೀಟರ್, ಯಾವುದು ಕಡಿಮೆಯೋ ಅದು. ಎರಡು ಸಾಧನಕ್ಕೆ ಒಂದೇ ವಿಳಾಸ ಇದೆಯಾ ನೋಡಿ. ಆಫ್ ಮಾಡಿಟ್ಟ ಮೀಟರುಗಳನ್ನು ಬಸ್ಸಿನಿಂದ ತೆಗೆಯಿರಿ.

ಕೊಪ್ಪದಿಂದ: ಕನೆಕ್ಟರಿಗೆ ಡಬ್ಲ್ಯುಡಿ-40 ಹೊಡೆದ್ರೆ ಎಲ್ಲ ಕಾಮ್ ಎರರ್ ಹೋಗುತ್ತಂತೆ, ವಿಡಿಯೊ ಹಾಕಲಾ?

ಎಂಜಿನಿಯರ್: ಬೇಡ. ಮಾಮೂಲಿ ಡಬ್ಬದ್ದು ಎಣ್ಣೆ ಪದರ ಬಿಡುತ್ತೆ, ಧೂಳು ಅಂಟುತ್ತೆ. ಪವರ್ ಆಫ್ ಮಾಡಿ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಒಣಗಿದ ಮೇಲೆ ಹಾಕಿ.

ಆಗುಂಬೆಯಿಂದ: ತೋಟದ ಮಳೆಮಾಪಕದ ಲಾಗರ್ ಸಿಡಿಲು ಬಂದಾಗಲೆಲ್ಲ ನಿಲ್ಲುತ್ತೆ ಸಾರ್, ಏನು ಮಾಡೋದು?

ಹೊಸನಗರದಿಂದ: ಯುಎಸ್‌ಬಿ ಕಳಚಿ ಹಾಕಿದ್ರೆ ಸರಿಯಾಗುತ್ತೆ, ಇದಕ್ಕೆ ಏನು ಕಾರಣ?

ಎಂಜಿನಿಯರ್: ಮೇಲೆ ಓದಿ. ಮೂರನೇ ಸಲ.

ಹೊಸನಗರದಿಂದ: ಕೇಳೋದೂ ತಪ್ಪಾ ಸಾರ್?

ಸಾಗರದಿಂದ: ಓದದೆ ಕೇಳೋದು ತಪ್ಪು.

ಭದ್ರಾವತಿಯಿಂದ: ನೀವು ಯಾರ್ರೀ ಹೇಳೋಕೆ? ಅಡ್ಮಿನ್ನಾ?

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಎಂಜಿನಿಯರ್: ನಾನು ಹೊರಡ್ತೀನಿ. ಮಾಚೇನಹಳ್ಳಿಯವರೇ, ಪಟ್ಟಿ ಆಯ್ತಾ?

ಮಾಚೇನಹಳ್ಳಿಯಿಂದ: ನೋಡ್ತಾ ಇದ್ದೀನಿ ಸಾರ್. ಇಲ್ಲಿವರೆಗೆ 23 ಪೀಸ್ ಸಿಕ್ಕಿವೆ, ಇನ್ನೂ ಹನ್ನೊಂದು ದಿನದ ಫೈಲ್ ಬಾಕಿ ಇದೆ. ಮ್ಯಾನೇಜರಿಗೆ ಫೋನ್ ಮಾಡಿದೆ, ಬೈದರು. ಆಮೇಲೆ ಅವರೇ ಫ್ಯಾಕ್ಟರಿಗೆ ಬರ್ತೀನಿ ಅಂದರು.

ಎಂಜಿನಿಯರ್: ನಾನೂ ಬರ್ತೀನಿ. ಗೇಟಿನಲ್ಲಿ ಹೇಳಿಡಿ.