ಬದುವಿನ ಹೊಂಗೆ ಎಣ್ಣೆಯಲ್ಲಿ ಕೃಷಿ ಹೊಂಡದ ಪಂಪ್ ಓಡಿಸಬಹುದಾ?

ಖುಷ್ಕಿ_ರೈತ:

ಎಲ್ಲರಿಗೂ ನಮಸ್ಕಾರ. ನಮ್ಮದು ಅರಸೀಕೆರೆ ತಾಲ್ಲೂಕು, ಮೂರು ಎಕರೆ ಖುಷ್ಕಿ. ರಾಗಿ, ಸಾಲಿನಲ್ಲಿ ಅವರೆ, ಮನೆ ಹತ್ತಿರ ಒಂದಷ್ಟು ತೆಂಗು. ಬೋರ್ ಬತ್ತಿಹೋಗಿದೆ. ಕೃಷಿ ಭಾಗ್ಯ ಯೋಜನೆಯಲ್ಲಿ ತೆಗೆಸಿದ ಮಳೆನೀರಿನ ಹೊಂಡ ಇದೆ, 5 ಎಚ್‌ಪಿ ಡೀಸೆಲ್ ಎಂಜಿನ್ ಇದೆ. ರಾಗಿ ತೆನೆ ಬರುವ ಹೊತ್ತಿಗೆ ಮಳೆ ಕೈಕೊಟ್ಟರೆ ಹೊಂಡದಿಂದ ಒಂದೆರಡು ನೀರು ಕೊಡುತ್ತೇವೆ. ಗಂಟೆಗೆ ಹತ್ತಿರಹತ್ತಿರ ಒಂದು ಲೀಟರ್ ಡೀಸೆಲ್ ಕುಡಿಯುತ್ತದೆ, ಬೆಳೆ ಮಾರಿ ಬಂದ ದುಡ್ಡಿನಲ್ಲಿ ಅದೇ ದೊಡ್ಡ ಖರ್ಚು.

ನಮ್ಮ ಬದುವಿನಲ್ಲಿ ಹಳೇ ಹೊಂಗೆ ಮರಗಳಿವೆ. ಬೀಜ ಸುಮ್ನೆ ಬಿದ್ದು ಹಾಳಾಗುತ್ತದೆ. ಅದರ ಎಣ್ಣೆಯನ್ನು ಎಂಜಿನ್‌ಗೆ ನೇರವಾಗಿ ಹಾಕಬಹುದಾ? ಇನ್ನೊಂದು ವಿಷಯ, ಪರಿಚಯದವರೊಬ್ಬರು ಒಂದು ಎಕರೆ ಪೂರ್ತಿ ಹೊಂಗೆ ಹಾಕಿಬಿಡಿ, ಬೀಜ ನಾವೇ ಕೊಳ್ಳುತ್ತೇವೆ ಅಂತ ಒತ್ತಾಯ ಮಾಡುತ್ತಿದ್ದಾರೆ. ಮನೆಯಲ್ಲಿ ಅಪ್ಪನಿಗೆ ಇಷ್ಟ ಇಲ್ಲ. ತಿಳಿದವರು ಹೇಳಿ.

ಹೊಯ್ಸಳ_ಹೊಲ:

ನಿಮ್ಮ ತಂದೆಯವರು ಹೇಳುವುದೇ ಸರಿ. ರಾಗಿ ಬೆಳೆಯುವ ನೆಲಕ್ಕೆ ಹೊಂಗೆ ಹಾಕಬೇಡಿ. ಜಟ್ರೋಫಾ ಅನ್ನುವ ಎಣ್ಣೆಬೀಜದ ಗಿಡದ ಕಥೆ ನೆನಪಿದೆಯಾ? 2003ರಲ್ಲಿ ಯೋಜನಾ ಆಯೋಗ ಅದನ್ನು ದೇಶಾದ್ಯಂತ ಬೆಳೆಸುವ ದೊಡ್ಡ ಯೋಜನೆ ಮುಂದಿಟ್ಟಿತು. 2009ರ ರಾಷ್ಟ್ರೀಯ ನೀತಿ 2017ರ ಹೊತ್ತಿಗೆ ಡೀಸೆಲ್‌ಗೆ ಶೇ 20ರಷ್ಟು ಜೈವಿಕ ಡೀಸೆಲ್ (ಇಂಥ ಎಣ್ಣೆಯಿಂದ ಮಾಡುವ ಬಯೋಡೀಸೆಲ್) ಬೆರೆಸಬೇಕು ಅಂತ ಗುರಿ ಇಟ್ಟಿತು. ನೀರು, ಗೊಬ್ಬರ ಏನೂ ಬೇಡ, ಬೀಳು ನೆಲದಲ್ಲೇ ಬರುತ್ತದೆ ಅಂದರು. ಗಿಡವೇನೋ ಬದುಕಿತು, ಆದರೆ ಲೆಕ್ಕ ಹಾಕಿದಷ್ಟು ಕಾಯಿ ಬರಲಿಲ್ಲ, ನಂಬಿ ಹಾಕಿದ ಸಣ್ಣ ರೈತರು ಕೊನೆಗೆ ಕಿತ್ತು ಹಾಕಿದರು. ಬೀಜ ಕೊಳ್ಳುತ್ತೇವೆ ಅನ್ನುವವರ ಮಾತು ನಂಬಿ ಊಟದ ನೆಲ ಬಿಟ್ಟುಕೊಟ್ಟರೆ, ನಾಳೆ ಅವರು ಬರದೇ ಇದ್ದಾಗ ಕೈಯಲ್ಲಿ ರಾಗಿಯೂ ಇರುವುದಿಲ್ಲ.

ಬದು ಬೇರೆ ವಿಷಯ. ನಮ್ಮ ರಾಜ್ಯದ 2009ರ ಜೈವಿಕ ಇಂಧನ ನೀತಿಯೂ ಹೊಂಗೆ, ಬೇವು, ಹಿಪ್ಪೆ, ಸಿಮರೂಬಾ ಥರದ ಮರಗಳನ್ನು ಬದುವಿನಲ್ಲಿ, ಬೀಳಿನಲ್ಲಿ ಬೆಳೆಸಿ ಅಂತಲೇ ಹೇಳಿದ್ದು. ಅದು ಒಳ್ಳೆಯ ಯೋಚನೆ, ಯಾಕೆಂದರೆ ಬೆಳೆಯುವ ನೆಲ ಒಂದು ಗುಂಟೆಯೂ ಹೋಗುವುದಿಲ್ಲ.

ಲೆಕ್ಕ ನೋಡಿ. ಮೂರು ಎಕರೆ ಚೌಕವಾಗಿದ್ದರೆ ಸುತ್ತಳತೆ ಸುಮಾರು 440 ಮೀಟರ್. ಹತ್ತು ಮೀಟರಿಗೊಂದು ಅಂದರೂ 40 ಮರ ಹಿಡಿಯುತ್ತದೆ. ಮರದಿಂದ ಮರಕ್ಕೆ ಇಳುವರಿ ತುಂಬಾ ವ್ಯತ್ಯಾಸ, ಪಕ್ಕಪಕ್ಕದ ಎರಡು ಮರದಲ್ಲೇ ಒಂದು ತುಂಬಿರುತ್ತದೆ, ಇನ್ನೊಂದು ಖಾಲಿ. ಬೆಳೆದ ಮರಕ್ಕೆ ಸರಾಸರಿ 15 ಕೆಜಿ ಸುಲಿದ ಬೀಜ ಅಂತ ಇಟ್ಟುಕೊಳ್ಳಿ, 600 ಕೆಜಿ. ನಾಲ್ಕು ಕೆಜಿ ಬೀಜಕ್ಕೆ ಒಂದು ಲೀಟರ್ ಎಣ್ಣೆ ಅಂದರೆ 150 ಲೀಟರ್. ನಿಮ್ಮ ಎಂಜಿನ್‌ಗೆ ಅದು 150 ಗಂಟೆಯ ನೀರು. ಹೊಂಡದಿಂದ ಒಂದೆರಡು ನೀರು ಕೊಡುವವರಿಗೆ ಇದು ಬೇಕಾದಷ್ಟಾಯಿತು.

ಆದರೆ ನನಗೆ ಎಣ್ಣೆಗಿಂತ ಹಿಂಡಿಯೇ ಮುಖ್ಯ. 600 ಕೆಜಿ ಬೀಜದಲ್ಲಿ 450 ಕೆಜಿಯಷ್ಟು ಹಿಂಡಿ ಉಳಿಯುತ್ತದೆ. ಅದರಲ್ಲಿ ಸಾರಜನಕ ಸುಮಾರು ಶೇ 4, ಅಂದರೆ 18 ಕೆಜಿ. ಹೆಚ್ಚುಕಡಿಮೆ ಒಂದು ಮೂಟೆ ಯೂರಿಯಾದಲ್ಲಿರುವಷ್ಟು, ಅದೂ ನಿಧಾನವಾಗಿ ಗಿಡಕ್ಕೆ ಸಿಗುವಂಥದ್ದು. ತೆಂಗಿನ ಬುಡಕ್ಕೆ ಹಾಕಿದರೆ ಗೆದ್ದಲ ಕಾಟವೂ ಕಡಿಮೆ. ದನಕ್ಕೆ ಮಾತ್ರ ಹಾಕಬೇಡಿ, ಕಹಿ, ಒಳ್ಳೆಯದಲ್ಲ.

ನಳ್ಳಿ_ಸ್ಪ್ಯಾನರ್:

ಎಂಜಿನ್ ವಿಷಯ ನಾನು ಹೇಳುತ್ತೇನೆ, ದಿನಾ ಮಾಡುವ ಕೆಲಸ. ಹಸಿ ಎಣ್ಣೆ ಹಾಕಿದರೆ ಎಂಜಿನ್ ಓಡುತ್ತದೆ, ಅದರಲ್ಲಿ ಅನುಮಾನ ಇಲ್ಲ. ತೊಂದರೆ ಆಮೇಲೆ. ಹೊಂಗೆ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟು ಮಂದ. ತಣ್ಣಗಿದ್ದಾಗ ಸರಿಯಾಗಿ ಸಿಂಪಡಣೆ ಆಗುವುದಿಲ್ಲ, ಪೂರ್ತಿ ಉರಿಯುವುದಿಲ್ಲ. ಹಾಗೆ ಓಡಿಸಿದ ಎಂಜಿನ್‌ನ ನಾಝಲ್ (ಎಣ್ಣೆ ಸಿಂಪಡಿಸುವ ಮೂತಿ) ಬಿಚ್ಚಿ ನೋಡಿದರೆ ತುದಿಯಲ್ಲಿ ಕರಿ ಗಟ್ಟಿಯಾಗಿ ಕೂತಿರುತ್ತದೆ, ಉಗುರಿನಲ್ಲಿ ಕೆರೆದರೆ ಬರುವುದಿಲ್ಲ. ಪಿಸ್ಟನ್ ರಿಂಗ್ ಹಿಡಿದುಕೊಳ್ಳುತ್ತದೆ. ಎಣ್ಣೆ ಕೆಳಗಿಳಿದು ಎಂಜಿನ್ ಆಯಿಲ್ ಜೊತೆ ಸೇರಿ ಅದನ್ನೂ ಗಟ್ಟಿ ಮಾಡುತ್ತದೆ.

ಹಳೇ ಲಿಸ್ಟರ್ ಮಾದರಿಯ ನಿಧಾನ ಎಂಜಿನ್ ಇದನ್ನು ತಡೆದುಕೊಳ್ಳುತ್ತದೆ. ಹೈಸ್ಪೀಡ್ ಎಂಜಿನ್ ಅಷ್ಟು ತಡೆಯುವುದಿಲ್ಲ. ಹೊಸ ಟ್ರ್ಯಾಕ್ಟರ್‌ಗಂತೂ ಹಾಕಲೇಬೇಡಿ. ಮಾಡಲೇಬೇಕು ಅಂದರೆ ಎರಡು ಟ್ಯಾಂಕ್ ಇಡಿ, ನಡುವೆ ಒಂದು ಮೂರು ದಾರಿಯ ಕಾಕ್. ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುಂಚೆ ಮತ್ತೆ ಸ್ವಲ್ಪ ಹೊತ್ತು ಡೀಸೆಲ್‌ನಲ್ಲಿ ಓಡಿಸಿ. ಇಲ್ಲದಿದ್ದರೆ ಪಂಪಿನಲ್ಲಿ, ಪೈಪಿನಲ್ಲಿ ಎಣ್ಣೆ ನಿಂತು ಮಾರನೇ ದಿನ ಹ್ಯಾಂಡಲ್ ಹೊಡೆದು ಹೊಡೆದು ಕೈ ಬಿದ್ದುಹೋಗುತ್ತದೆ. ಎಣ್ಣೆಯ ಪೈಪನ್ನು ಸೈಲೆನ್ಸರ್ ಹತ್ತಿರ ಹಾಯಿಸಿ ಬಿಸಿ ಮಾಡುವವರೂ ಇದ್ದಾರೆ. ಗಾಣದಿಂದ ತಂದ ಎಣ್ಣೆಯನ್ನು ವಾರಗಟ್ಟಲೆ ಅಲುಗಾಡಿಸದೆ ಇಟ್ಟು, ಗಸಿ ಕೂತ ಮೇಲೆ ಮೇಲಿನದನ್ನು ಬಟ್ಟೆಯಲ್ಲಿ ಎರಡು ಸಲ ಸೋಸಿ. ಎಂಜಿನ್ ಆಯಿಲ್ ಮಾಮೂಲಿಗಿಂತ ಬೇಗ ಬದಲಾಯಿಸಿ.

ಕಾವೇರಿ_ತೀರ:

ಇದಕ್ಕಿಂತ ಬಯೋಡೀಸೆಲ್ ಮಾಡುವುದು ಸರಿಯಾದ ದಾರಿ ಅಲ್ವಾ? ಎಣ್ಣೆಗೆ ಮೆಥನಾಲ್ (ಒಂದು ಥರದ ಸ್ಪಿರಿಟ್), ಕಾಸ್ಟಿಕ್ ಸೋಡಾ ಸೇರಿಸಿ 60 ಡಿಗ್ರಿ ಹತ್ತಿರ ಬಿಸಿ ಮಾಡಿದರೆ ಗ್ಲಿಸರಿನ್ ಕೆಳಗೆ ಕೂರುತ್ತದೆ, ಮೇಲಿನದು ತೆಳ್ಳಗೆ ಡೀಸೆಲ್ ಥರ ಆಗುತ್ತದೆ. ಆದರೆ ಮನೆಯಲ್ಲಿ ಮಾಡಬೇಡಿ ಅಂತಲೂ ನಾನೇ ಹೇಳುತ್ತೇನೆ. ಮೆಥನಾಲ್ ವಿಷ, ತಕ್ಷಣ ಹೊತ್ತಿಕೊಳ್ಳುತ್ತದೆ. ಹಳೇ ಬೀಜದ ಎಣ್ಣೆಯಲ್ಲಿ ಹುಳಿ ಜಾಸ್ತಿ ಇರುತ್ತದೆ, ಅದಕ್ಕೆ ಮೊದಲು ಆಸಿಡ್ ಹಾಕಿ ಹದ ಮಾಡದಿದ್ದರೆ ಪಾತ್ರೆ ತುಂಬಾ ಸೋಪಾಗುತ್ತದೆ.

ನಿಮಗೆ ಹಾಸನ ಹತ್ತಿರವೇ. ಅಲ್ಲಿ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಶುರುಮಾಡಿದ ಜೈವಿಕ ಇಂಧನ ಉದ್ಯಾನ ಇದೆ, ಒಂದು ಸಲ ಹೋಗಿ ನೋಡಿ ಬನ್ನಿ. ಹಳ್ಳಿಗಳಲ್ಲಿ ಬೆಳೆಗಾರರ ಸಂಘ ಕಟ್ಟಿಸಿದ್ದು ಅವರೇ. ಒಬ್ಬರ ಬೀಜ ಗಾಣಕ್ಕೆ ಸಾಲುವುದಿಲ್ಲ, ಹತ್ತು ಮನೆ ಸೇರಿದರೆ ಸಾಲುತ್ತದೆ.

ಬಿಸಿಲು_ಬೆಳಕು:

ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇಷ್ಟೆಲ್ಲ ಯಾಕೆ? ಕೇಂದ್ರ ಸರ್ಕಾರದ ಪಿಎಂ ಕುಸುಮ್ ಯೋಜನೆಯಲ್ಲಿ ಸೋಲಾರ್ ಪಂಪ್‌ಗೆ ಸಹಾಯಧನ ಇದೆ. ಎಣ್ಣೆ, ಗಾಣ, ಸೋಸುವುದು ಯಾವುದೂ ಇಲ್ಲ.

ಹೊಯ್ಸಳ_ಹೊಲ:

ವರ್ಷಪೂರ್ತಿ ನೀರು ಇರುವವರಿಗೆ ಸೋಲಾರ್ ಒಳ್ಳೆಯದು, ನಾನೂ ಅದನ್ನೇ ಹೇಳುತ್ತೇನೆ. ಇವರ ಹೊಂಡದಲ್ಲಿ ನೀರು ಇರುವುದೇ ಕೆಲವು ತಿಂಗಳು. ಉಳಿದ ಕಾಲ ಪ್ಯಾನೆಲ್ ಸುಮ್ಮನೆ ಬಿಸಿಲು ಕಾಯುತ್ತಿರುತ್ತದೆ, ಕಾವಲೂ ಬೇಕು. ಎಣ್ಣೆ ಕ್ಯಾನಿನಲ್ಲಿ ಕೂತಿರುತ್ತದೆ, ಬೇಕಾದ ದಿನ ತೆಗೆದುಕೊಳ್ಳಬಹುದು. ಇದೇನು ಹೊಸದೂ ಅಲ್ಲ, ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯ ಜನರೇಟರ್ ಇಟ್ಟು ಹೊಲಕ್ಕೆ ನೀರು ಹಾಯಿಸಿ ತೋರಿಸಿದ್ದಾರೆ. ಅದಕ್ಕೂ ಮುಂಚೆ, 1988ರಲ್ಲಿ, ಅದೇ ಸಂಸ್ಥೆಯವರು ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಸೌದೆಯಿಂದ ಗ್ಯಾಸ್ ಮಾಡಿ, ಅದರಲ್ಲಿ ಎಂಜಿನ್ ಓಡಿಸಿ ಕರೆಂಟ್ ತೆಗೆದು ಮನೆಗಳಿಗೆ ದೀಪ ಹಚ್ಚಿದ್ದರು. ಎಂಜಿನ್ ಅಲ್ಲೂ ಡೀಸೆಲ್‌ದೇ, ಗ್ಯಾಸ್ ಜೊತೆ ಸ್ವಲ್ಪ ಡೀಸೆಲ್ ಹೋಗುತ್ತಿತ್ತು. ಇಂಥ ಕೆಲಸ ಉಳಿಯುವುದು ಊರಿನವರೇ ನಡೆಸಿದಾಗ, ರಿಪೇರಿ ಹತ್ತಿರದಲ್ಲೇ ಸಿಕ್ಕಾಗ.

ಖುಷ್ಕಿ_ರೈತ:

ಎಲ್ಲರಿಗೂ ತುಂಬಾ ಧನ್ಯವಾದ, ಅಪ್ಪನಿಗೂ ಓದಿ ಹೇಳಿದೆ. ಒಂದು ಎಕರೆ ಮಾತು ಮುಗಿಯಿತು. ಬದುವಿನ ತುಂಬಾ ಹೊಂಗೆ ಬಂದರೆ ನೆರಳಿಗೆ ರಾಗಿ ಏಳುವುದಿಲ್ಲ ಅಂತ ಪಕ್ಕದ ಹೊಲದವರು ತಕರಾರು ತೆಗೆಯುತ್ತಾರೆ, ಅದಕ್ಕೆ ಏನು ಮಾಡುವುದು? ಹೊಸ ಗಿಡ ಎಷ್ಟು ವರ್ಷಕ್ಕೆ ಕಾಯಿ ಬಿಡುತ್ತದೆ?

ಹೊಯ್ಸಳ_ಹೊಲ:

ಅವರ ತಕರಾರು ನಿಜವೇ, ತಳ್ಳಿಹಾಕಬೇಡಿ. ಅವರ ಕಡೆಯ ಬದು ಬಿಟ್ಟು ದಾರಿ ಪಕ್ಕ, ಹೊಂಡದ ಏರಿ, ಹಳ್ಳದ ಅಂಚಿಗೆ ಮೊದಲು ಹಾಕಿ. 40 ಆಗದಿದ್ದರೆ 20 ಆಗಲಿ. ಕೆಳಗಿನ ಕೊಂಬೆಗಳನ್ನು ಬಿತ್ತನೆಗೆ ಮುಂಚೆ ಸವರಿ, ಆ ಸೊಪ್ಪು ತಿಪ್ಪೆಗೆ ಹೋಗಲಿ. ಪೂರ್ತಿ ಬೋಳಿಸಬೇಡಿ, ಕಾಯಿ ಹೋಗುತ್ತದೆ.

ಬೀಜದ ಗಿಡ ಕಾಯಿ ಬಿಡಲು ಐದರಿಂದ ಏಳು ವರ್ಷ, ಕಸಿ ಗಿಡ ಅದಕ್ಕಿಂತ ಬೇಗ. ಅಲ್ಲಿಯವರೆಗೆ ಹಳೇ ಮರಗಳ ಬೀಜ ಕೂಡಿಸಿ. ಯಾವ ಮರ ವರ್ಷ ವರ್ಷವೂ ತುಂಬಾ ಕಾಯಿ ಬಿಡುತ್ತದೆ ಅಂತ ಈ ಬೇಸಿಗೆಯಲ್ಲೇ ಗುರುತು ಹಾಕಿಕೊಳ್ಳಿ, ಸಸಿಗೆ ಅದರ ಹೊಸ ಬೀಜವನ್ನೇ ತೆಗೆದುಕೊಳ್ಳಿ. ಕಾಯಿ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಗೋಣಿಚೀಲದಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ.