ಭಾರ ಎತ್ತುವಾಗ ತಲೆ ತಿರುಗುವುದು: ನಮ್ಮ ಕಾಸರಗೋಡು ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಡಾಕ್ಟರ್ ಮೇಡಂ ಗುಂಪಿನಲ್ಲಿದ್ದಾರೆ. ಡಯಟ್ ಮಾಡಿಕೊಂಡು ಜಿಮ್ಮಿಗೆ ಹೋಗುವವರಿಗೆ ತಲೆ ತಿರುಗುವ ವಿಷಯ. ಹೆಸರು ಬೇಡ, ಊರು ಮತ್ತು ಪ್ರಾಯ ಹಾಕಿದರೆ ಸಾಕು.

ಕುಂಬಳೆ, 27: ಮೇಡಂ, ಬೆಳಿಗ್ಗೆ ಐದೂವರೆಗೆ ಖಾಲಿ ಹೊಟ್ಟೆಯಲ್ಲಿ ಜಿಮ್. ಹಿಂದಿನ ರಾತ್ರಿ ಏಳಕ್ಕೆ ಎರಡು ಚಪಾತಿ ತಿಂದದ್ದು, ಅಷ್ಟೆ. ಸ್ಕ್ವಾಟ್, ಅಂದರೆ ಹೆಗಲ ಮೇಲೆ ಬಾರ್ ಹೊತ್ತು ಕೂತು ಏಳುವುದು, ಮೂರನೇ ಸೆಟ್ ಮುಗಿಸಿ ಬಾರ್ ಇಟ್ಟ ಕೂಡಲೇ ಕಣ್ಣು ಕತ್ತಲೆ ಬರುತ್ತದೆ. ಕಂಬಿ ಹಿಡಿದು ನಿಂತರೆ ಒಂದು ನಿಮಿಷದಲ್ಲಿ ಸರಿಯಾಗುತ್ತದೆ.

ಡಾಕ್ಟರ್: ಎತ್ತುವಾಗ ಉಸಿರು ಬಿಗಿಹಿಡಿಯುತ್ತೀರಿ, ಅಲ್ವಾ? ಆಗ ಬಿಪಿ ಒಮ್ಮೆಲೇ ಏರುತ್ತದೆ, ಉಸಿರು ಬಿಟ್ಟ ಕೂಡಲೇ ದಡಕ್ಕನೆ ಇಳಿಯುತ್ತದೆ. ಸ್ಕ್ವಾಟಿನಲ್ಲಿ ರಕ್ತ ಜಾಸ್ತಿ ಕಾಲಿಗೆ ಹೋಗಿರುತ್ತದೆ, ಅಲುಗಾಡದೆ ನಿಂತರೆ ಅಲ್ಲೇ ಉಳಿಯುತ್ತದೆ. ಏಳುವಾಗ ಉಸಿರು ಬಿಡಿ, ಸೆಟ್ ಮುಗಿದ ಮೇಲೆ ಎರಡು ಹೆಜ್ಜೆ ನಡೆಯಿರಿ. ಹೋಗುವ ಮೊದಲು ಒಂದು ಬಾಳೆಹಣ್ಣು, ಒಂದು ಲೋಟ ನೀರು. ಕತ್ತಲೆ ಬಂದರೆ ನಿಂತುಕೊಂಡೇ ಸುಧಾರಿಸುತ್ತೇನೆ ಎಂಬ ಹಟ ಬೇಡ, ಕೂತುಬಿಡಿ.

ಮಂಜೇಶ್ವರ, 31: ನನಗೂ ಖಾಲಿ ಹೊಟ್ಟೆಯಲ್ಲಿ ಹೀಗೇ ಆಗುತ್ತದೆ ಮೇಡಂ.

ಡಾಕ್ಟರ್: ಕುಂಬಳೆಯವರಿಗೆ ಬರೆದದ್ದೇ.

ನೀರ್ಚಾಲು, 52: ಒಬ್ಬರು ಕಳಿಸಿದ್ದು, ಹಾಗೇ ಹಾಕುತ್ತಿದ್ದೇನೆ. ತಲೆ ತಿರುಗಿದರೆ ನಾಲಿಗೆಯಡಿ ಕಲ್ಲುಪ್ಪು ಇಡಿ. ಎಚ್ಚರ ತಪ್ಪಿದರೆ ನೀರುಳ್ಳಿ ಜಜ್ಜಿ ಮೂಸಿಸಿ, ಬಾಯಿಗೆ ಸಕ್ಕರೆ ನೀರು ಹೊಯ್ಯಿರಿ. ಹತ್ತು ಜನರಿಗೆ ಕಳಿಸಿ.

ಡಾಕ್ಟರ್: ಒಬ್ಬರಿಗೂ ಕಳಿಸಬೇಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹೊಯ್ದರೆ ಅದು ಶ್ವಾಸಕೋಶಕ್ಕೆ ಹೋಗಬಹುದು. ಅಂಗಾತ ಮಲಗಿಸಿ, ಕಾಲು ಎತ್ತಿ ಹಿಡಿಯಿರಿ, ಉಸಿರಾಟ ನೋಡಿ. ಒಂದು ನಿಮಿಷದಲ್ಲಿ ಎಚ್ಚರ ಬಾರದಿದ್ದರೆ 108ಕ್ಕೆ ಫೋನ್ ಮಾಡಿ. ಉಸಿರೇ ಇಲ್ಲವಾದರೆ ಎದೆ ಒತ್ತಲು ಶುರು ಮಾಡಿ.

ಬದಿಯಡ್ಕ, 46: ಮೂರೂವರೆ ತಿಂಗಳಲ್ಲಿ 92 ಕೆಜಿಯಿಂದ 81ಕ್ಕೆ ಬಂದೆ. ಅನ್ನ ಬಿಟ್ಟೆ, ಉಪ್ಪು ಕಮ್ಮಿ ಮಾಡಿದೆ. ಎರಡು ವಾರದಿಂದ ಡೆಡ್‌ಲಿಫ್ಟ್ (ಬಗ್ಗಿ ನೆಲದಿಂದ ಭಾರ ಎತ್ತುವುದು) ಮಾಡಿ ನೆಟ್ಟಗೆ ನಿಂತರೆ ದೋಣಿಯಲ್ಲಿ ನಿಂತ ಹಾಗೆ. ರಾತ್ರಿ ಮೂತ್ರಕ್ಕೆ ಎದ್ದಾಗಲೂ ಗೋಡೆ ಹಿಡಿಯಬೇಕು. ಪ್ರೋಟೀನ್ ಸಾಲದು ಎಂದು ಜಿಮ್ಮಿನವರು ಹೇಳುತ್ತಾರೆ. ಯಾವ ಪೌಡರ್ ಒಳ್ಳೆಯದು?

ಡಾಕ್ಟರ್: ಪೌಡರ್ ಆಚೆಗಿರಲಿ. ಮಾತ್ರೆ ಏನಾದರೂ ಉಂಟಾ?

ಬದಿಯಡ್ಕ: ಬಿಪಿಗೆ ಟೆಲ್ಮಿಸಾರ್ಟನ್ 40, ಅದರಲ್ಲೇ ಹೈಡ್ರೋಕ್ಲೋರೋಥಯಜೈಡ್ 12.5 ಸೇರಿದ್ದು. ಶುಗರಿಗೆ ಗ್ಲಿಮೆಪಿರೈಡ್ 2. ಎರಡು ವರ್ಷದಿಂದ ಅದೇ, ಒಂದು ದಿನವೂ ತಪ್ಪಿಸಿಲ್ಲ.

ಡಾಕ್ಟರ್: ಇದನ್ನು ಮೊದಲು ಹೇಳಬೇಕಿತ್ತು. ಆ ಡೋಸ್ ಬರೆದದ್ದು 92 ಕೆಜಿ ಇದ್ದ, ಅನ್ನ ಉಣ್ಣುತ್ತಿದ್ದ ಮನುಷ್ಯನಿಗೆ. ತೂಕ ಇಳಿದ ಹಾಗೆ ಬಿಪಿಯೂ ಇಳಿಯುತ್ತದೆ. ಅನ್ನ ಬಿಟ್ಟಾಗ ಇನ್ಸುಲಿನ್ ತಗ್ಗುತ್ತದೆ, ಆಗ ಕಿಡ್ನಿ ಉಪ್ಪನ್ನೂ ನೀರನ್ನೂ ಜಾಸ್ತಿ ಹೊರಗೆ ಬಿಡುತ್ತದೆ, ನಿಮ್ಮ ಮಾತ್ರೆಯಲ್ಲಿರುವ ಎರಡನೇ ಮದ್ದಿನ ಕೆಲಸವೂ ಅದೇ, ಅದರ ಮೇಲೆ ನೀವು ಉಪ್ಪು ಕಮ್ಮಿ ಮಾಡಿದ್ದೀರಿ, ಮತ್ತೆ ನಮ್ಮೂರ ಸೆಕೆಯಲ್ಲಿ ಶೀಟ್ ಮಾಡಿನ ಕೆಳಗೆ ಬನಿಯನ್ ಹಿಂಡುವಷ್ಟು ಬೆವರು. ಬಗ್ಗಿದವರು ಎದ್ದಾಗ ತಲೆಗೆ ರಕ್ತ ಏರಲು ಒತ್ತಡ ಸಾಲುವುದಿಲ್ಲ.

ನನಗೆ ಅದಕ್ಕಿಂತ ಹೆದರಿಕೆ ಗ್ಲಿಮೆಪಿರೈಡಿನದ್ದು. ಅದು ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ, ನೀವು ಉಂಡಿದ್ದೀರೋ ಇಲ್ಲವೋ ನೋಡುವುದಿಲ್ಲ. ಕೈ ನಡುಕ, ತಣ್ಣನೆ ಬೆವರು ಬಂದರೆ ಆ ಹೊತ್ತಿಗೇ ಶುಗರ್ ನೋಡಿ. 70ರ ಕೆಳಗಿದ್ದರೆ ಮೂರು ನಾಲ್ಕು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ.

ಇವತ್ತು ಒಂದು ಕೆಲಸ ಮಾಡಿ. ಐದು ನಿಮಿಷ ಮಲಗಿ ಬಿಪಿ ನೋಡಿಸಿ. ಎದ್ದು ನಿಂತು ಒಂದು ನಿಮಿಷವಾದಾಗ ಒಮ್ಮೆ, ಮೂರು ನಿಮಿಷವಾದಾಗ ಇನ್ನೊಮ್ಮೆ ನೋಡಿಸಿ. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಕಾರಣ ಅಲ್ಲೇ ಉಂಟು. ಮಾತ್ರೆ ನೀವೇ ನಿಲ್ಲಿಸಬೇಡಿ, ಅರ್ಧ ಮಾಡಬೇಡಿ. ಬರೆದ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಅಲ್ಲಿಯವರೆಗೆ ಜಿಮ್ ಬೇಡ, ಉಪವಾಸವೂ ಬೇಡ.

ಪೆರ್ಲ, 58: ಎಲ್ಲ ಅನ್ನ ಬಿಟ್ಟದ್ದರ ಫಲ. ನಮ್ಮ ಅಪ್ಪ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ ಉಂಡು ಅಡಿಕೆ ಮೂಟೆ ಹೊತ್ತವರು, ಒಂದು ದಿನ ತಲೆ ತಿರುಗಲಿಲ್ಲ.

ಉಪ್ಪಳ, 29: ಅಣ್ಣ, ಅವರು ದಿನವಿಡೀ ತೋಟದಲ್ಲಿ ದುಡಿದರು. ಅಷ್ಟೇ ಗಂಜಿ ಉಂಡು ನಾವು ಕಂಪ್ಯೂಟರ್ ಮುಂದೆ ಕೂತರೆ? ಅನ್ನ, ಚಪಾತಿ ಬಿಟ್ಟು ಕೊಬ್ಬಿನದ್ದು ಜಾಸ್ತಿ ತಿನ್ನುವ ಕೀಟೋ ಡಯಟಿನಲ್ಲಿ ನಾನು 8 ಕೆಜಿ ಇಳಿದೆ.

ಪೆರ್ಲ: ಇಳಿದದ್ದು ನೀರು.

ಉಪ್ಪಳ: ಪ್ಯಾಂಟ್ 36ರಿಂದ 32 ಆಗಿದೆ. ನೀರಾ ಅದು?

ಮುಳ್ಳೇರಿಯ, 40: ಜಗಳ ಆಮೇಲೆ ಮಾಡಿ ಮಾರಾಯರೇ. ಮೇಡಂ, ಥೈರಾಯ್ಡ್ ಮಾತ್ರೆ ತಿನ್ನುವವರು ಭಾರ ಎತ್ತಬಹುದಾ?

ಪೆರ್ಲ: ಅನ್ನ ಬಿಡಿ ಎಂದು ಹೇಳಿಕೊಡುವವರಿಗೆ ನಾಚಿಕೆಯಾಗಬೇಕು.

ಉಪ್ಪಳ: ಪ್ರಾಯಕ್ಕೆ ಮರ್ಯಾದೆ ಕೊಟ್ಟು ಸುಮ್ನಿದ್ದೇನೆ.

ಡಾಕ್ಟರ್: ಮೊದಲ ವಾರ ಇಳಿಯುವುದು ಹೆಚ್ಚಿನದ್ದು ನೀರು, ಆಮೇಲೆ ಕೊಬ್ಬೂ ಇಳಿಯುತ್ತದೆ. ಇಬ್ಬರೂ ನಿಲ್ಲಿಸಿ.

ನೀರ್ಚಾಲು: ಅಜ್ಜಿ ಕಾಲದ ಮದ್ದನ್ನು ಹೀಗೆ ತಳ್ಳಬಾರದು ಮೇಡಂ. ಇನ್ನೊಂದು ಬಂದಿದೆ, ಹಾಕಲಾ?

ಡಾಕ್ಟರ್: ಬೇಡ. ಬಿಪಿ ಇರುವವರು ನಿಮ್ಮ ಮಾತು ಕೇಳಿ ದಿನಾ ಉಪ್ಪು ನೆಕ್ಕಿದರೆ ಅವರ ಬಿಪಿಗೆ ನೀವು ಹೊಣೆಯಾಗುತ್ತೀರಾ?

ಸೀತಾಂಗೋಳಿ, 24, ಹೆಂಗಸು: ದಿನಕ್ಕೆ 900 ಕ್ಯಾಲೊರಿ ತಿನ್ನುತ್ತೇನೆ. ಖಾಲಿ ಹೊಟ್ಟೆಯಲ್ಲಿ ಜಿಮ್ ಮಾಡಬಹುದಾ?

ಡಾಕ್ಟರ್: ಮೇಲೆ ಓದಿ. 900 ಸಾಲದು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದಾದರೆ ಹಿಮೋಗ್ಲೋಬಿನ್ ನೋಡಿಸಿ. 12ರ ಕೆಳಗಿದ್ದರೆ ಮೊದಲು ಅದಕ್ಕೆ ಮದ್ದು.

ಬೋವಿಕ್ಕಾನ, 30: ತಮ್ಮನಿಗೆ 21. ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಭಾರ ಎತ್ತುವುದು) ಮಾಡುತ್ತಿರುವಾಗಲೇ ಎಚ್ಚರ ತಪ್ಪಿತು. ಈಗ ಆರಾಮ.

ಡಾಕ್ಟರ್: ಮುಗಿಸಿದ ಮೇಲಾ, ಎತ್ತುತ್ತಿರುವಾಗಲಾ? ಮನೆಯಲ್ಲಿ ಯಾರಾದರೂ ಚಿಕ್ಕ ಪ್ರಾಯದಲ್ಲಿ ದಿಢೀರ್ ತೀರಿಕೊಂಡದ್ದುಂಟಾ?

ಬೋವಿಕ್ಕಾನ: ಎತ್ತುತ್ತಿರುವಾಗಲೇ. ಸೋದರಮಾವ 33ರಲ್ಲಿ ಹೋದರು.

ಡಾಕ್ಟರ್: ನಾಳೆಯೇ ಹೃದಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಎರಡೂ ಆಗಬೇಕು. ಮಾವನ ವಿಷಯ ತಪ್ಪದೆ ಹೇಳಿ. ಅವರು ಒಪ್ಪುವವರೆಗೆ ಜಿಮ್ಮೂ ಬೇಡ, ಆಟವೂ ಬೇಡ.

ಮುಳ್ಳೇರಿಯ: ಮೇಡಂ, ಥೈರಾಯ್ಡ್?

ಬದಿಯಡ್ಕ: ಹೆಂಡತಿ ನೋಡಿ ಚೀಟಿಯಲ್ಲಿ ಬರೆದಳು. ಮಲಗಿ 116/74. ನಿಂತು ಒಂದು ನಿಮಿಷಕ್ಕೆ 90/62, ಮೂರಕ್ಕೆ 92/60. ಊಟಕ್ಕೆ ಮೊದಲು ಶುಗರ್ 78. ಡಾಕ್ಟರಿಗೆ ಫೋನ್ ಮಾಡಿದೆ, ನಾಳೆ ಬೆಳಗ್ಗಿನ ಮಾತ್ರೆ ತೆಗೆದುಕೊಳ್ಳದೆ ಹತ್ತಕ್ಕೆ ಬರಲು ಹೇಳಿದರು.

ಡಾಕ್ಟರ್: 26 ಇಳಿದಿದೆ. ಅವರು ಹೇಳಿದ ಹಾಗೇ ಮಾಡಿ. ರಾತ್ರಿ ಏಳುವಾಗ ಮಂಚದ ಅಂಚಿನಲ್ಲಿ ಸ್ವಲ್ಪ ಕೂತು ಏಳಿ. ನಾಳೆ ಬೈಕ್ ನೀವು ಓಡಿಸಬೇಡಿ, ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಆ ಚೀಟಿ ಮರೆಯಬೇಡಿ.