ನಾವು ಹಾಕಿದ ನಂಬರ್ರೇ ಉತ್ತರ ಆಗಿ ಬರೋದಾದ್ರೆ ಮಾಡೆಲ್ ನಂಬೋದು ಹೆಂಗೆ?

ಗೊಂದಲಪ್ಪ:
ಸುಸ್ಥಿರ ಅಭಿವೃದ್ಧಿ ಮೇಲೆ ಪ್ರಾಜೆಕ್ಟ್ ಮಾಡ್ತಿದೀನಿ, ಜನಸಂಖ್ಯೆ, ಅಂತರ್ಜಲ, ಬೆಳೆ, ಆದಾಯ ಎಲ್ಲಾ ಒಂದಕ್ಕೊಂದು ಕೊಂಡಿ ಹಾಕಿ ಒಂದು ಸಣ್ಣ ಗಣಿತದ ಮಾಡೆಲ್ ಕಟ್ಟಿದೆ. 2050ರವರೆಗೆ ಓಡಿಸಿದ್ರೆ ಎಲ್ಲಾ ಸೊಗಸಾಗಿದೆ, ಮರುಪೂರಣದ (ವರ್ಷಾ ನೆಲದೊಳಗೆ ಇಂಗಿ ಅಂತರ್ಜಲಕ್ಕೆ ಸೇರೋ ನೀರು) ನಂಬರ್ ಒಂಚೂರು ಇಳಿಸಿದ್ರೆ 2038ಕ್ಕೇ ನೀರು ಖಾಲಿ! ಆ ನಂಬರ್ ನಾನೇ ಅಂದಾಜಲ್ಲಿ ಹಾಕಿದ್ದು ಬೇರೆ. ಇಂಥದ್ದನ್ನ ಇಟ್ಕೊಂಡು ದೇಶಗಳು ಪ್ಲಾನ್ ಮಾಡ್ತವಲ್ಲ, ಕವಡೆ ಶಾಸ್ತ್ರಕ್ಕೂ ಇದಕ್ಕೂ ಏನ್ ವ್ಯತ್ಯಾಸ?

ಲೆಕ್ಕದ ಮನುಷ್ಯ:
ಇಸವಿ ನೋಡ್ಬೇಡಿ, ಗ್ರಾಫ್ ಯಾವ ಥರ ಬಾಗತ್ತೆ ನೋಡಿ. ಸ್ಪ್ರೆಡ್‌ಶೀಟ್‌ನಲ್ಲಿ ಹತ್ತೇ ನಿಮಿಷದ ಕೆಲ್ಸ ಇದು, ಮಾಡಿ: ಒಂದು ಕೆರೆ, ಹೆಚ್ಚೆಂದ್ರೆ 1000 ಟನ್ ಮೀನು ಹಿಡಿಸತ್ತೆ ಅಂದ್ಕೊಳಿ, ಈಗ 500 ಇದೆ. ವರ್ಷಕ್ಕೆ ಬೆಳೆಯೋದು 0.4 × ಇರೋ ಮೀನು × (1 − ಇರೋ ಮೀನು/1000). ಅಂದ್ರೆ 500 ಇದ್ದಾಗ 100 ಟನ್ ಬೆಳೀತದೆ, ಅದೇ ಗರಿಷ್ಠ. ವರ್ಷಾ 110 ಹಿಡೀರಿ, ಬರೀ 10 ಜಾಸ್ತಿ. ಹತ್ತು ವರ್ಷ ಆದ್ಮೇಲೂ 387 ಇರತ್ತೆ, ಯಾರೂ ತಲೆ ಕೆಡಿಸ್ಕೊಳಲ್ಲ. ಹದಿನೆಂಟನೇ ವರ್ಷ 196, ಇಪ್ಪತ್ತೊಂದಕ್ಕೆ 12, ಇಪ್ಪತ್ತೆರಡಕ್ಕೆ ಸೊನ್ನೆ. ಮೊದಲರ್ಧ ನೋಡ್ದೋರು ಯಾರಾದ್ರೂ ಸೊನ್ನೆ ಅಂತ ಹೇಳ್ತಿದ್ರಾ? ಕವಡೆ ಇದನ್ನ ತೋರ್ಸಲ್ಲ ಕಣ್ರಿ.

1972ರಲ್ಲಿ ಇಡೀ ಪ್ರಪಂಚದ ಜನಸಂಖ್ಯೆ, ಆಹಾರ, ಸಂಪನ್ಮೂಲ ಎಲ್ಲಾ ಕೊಂಡಿ ಹಾಕಿದ್ದ ಅಮೆರಿಕದ ಎಂಐಟಿ ತಂಡದ ವರ್ಲ್ಡ್3 ಮಾಡೆಲ್‌ನೂ ಜನ ಹಿಂಗೇ ತಪ್ಪಾಗಿ ಓದಿದ್ರು, ಅವರು ಬೇರೆ ಬೇರೆ ಊಹೆ ಹಾಕಿ ಹಲವು ಸಲ ಓಡಿಸಿದ್ರು, ಜನ ಮಾತ್ರ ಕುಸಿಯೋ ಗ್ರಾಫ್ ಒಂದನ್ನೇ ಹಿಡ್ಕೊಂಡು ಭವಿಷ್ಯ ಹೇಳಿದ್ರು ಅಂತ ಜಗಳಕ್ಕೆ ನಿಂತ್ರು.

ಉಪ್ಪುನೀರು:
ಮೀನಿನ ಮಾತು ಬಂತಲ್ಲ, ಪೂರ್ತಿ ಹೇಳಿ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕಾಡ್ (cod) ಅನ್ನೋ ಸಮುದ್ರದ ಮೀನಿಗೆ ಮಾಡೆಲ್ ಇತ್ತು, ವಿಜ್ಞಾನಿಗಳಿದ್ರು, ಆದ್ರೂ 1992ರಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸ್ಬೇಕಾಯ್ತು, ಸಾವಿರಾರು ಜನರ ಕೆಲ್ಸ ಹೋಯ್ತು. ಎಡವಿದ್ದಕ್ಕೆ ಒಂದು ದೊಡ್ಡ ಕಾರಣ ಅಂದ್ರೆ ದೊಡ್ಡ ದೋಣಿಗಳಿಗೆ ಬೀಳ್ತಿದ್ದ ಮೀನನ್ನ ನೋಡಿ ಸಮುದ್ರದಲ್ಲೂ ಅಷ್ಟೇ ಇದೆ ಅಂದ್ಕೊಂಡಿದ್ದು. ಟ್ರಾಲರ್‌ನವ್ರು (ಬಲೆ ಎಳೆಯೋ ಆ ದೊಡ್ಡ ದೋಣಿಯೋರು) ಉಳಿದಿರೋ ಗುಂಪನ್ನೇ ಹುಡ್ಕೊಂಡ್ ಹೋಗ್ತಾರೆ ತಾನೆ, ಒಟ್ಟು ಮೀನು ಕಮ್ಮಿ ಆದ್ರೂ ಬಲೆ ತುಂಬ್ತಾನೇ ಇರತ್ತೆ. ಸಮೀಕರಣ ಸರಿ ಇದ್ರೂ ಡೇಟಾ ಕೈಕೊಟ್ರೆ ಮುಗೀತು.

ಇನ್ನೊಂದು, ಹವಾಮಾನ–ಆರ್ಥಿಕತೆ ಮಾಡೆಲ್‌ಗಳಲ್ಲಿ ಡಿಸ್ಕೌಂಟ್ ರೇಟ್ ಅಂತ ಇರತ್ತೆ, ಮುಂದೆ ಆಗೋ ನಷ್ಟಾನ ಇವತ್ತಿನ ಬೆಲೆಗೆ ತರೋಕೆ ವರ್ಷಕ್ಕೆ ಎಷ್ಟು ಶೇಕಡಾ ಕಳೀಬೇಕು ಅನ್ನೋದು, ಅದು ಪ್ರಕೃತಿಯಿಂದ ಬಂದ ನಂಬರ್ ಅಲ್ಲ, ಯಾರೋ ಕೂತು ಆರಿಸಿದ್ದು. ನೂರು ವರ್ಷ ಆದ್ಮೇಲೆ ಆಗೋ 100ರ ನಷ್ಟಕ್ಕೆ 1.4% ಹಾಕಿದ್ರೆ ಇವತ್ತಿನ ಬೆಲೆ 25, 4% ಹಾಕಿದ್ರೆ ಬರೀ 2. ಮೊಮ್ಮಕ್ಕಳ ಕಷ್ಟಕ್ಕೆ ಎಷ್ಟು ಬೆಲೆ ಅನ್ನೋ ಜಗಳಾನ ಒಂದು ದಶಮಾಂಶದ ಹಿಂದೆ ಬಚ್ಚಿಟ್ಟಂಗೆ! ನನಗಂತೂ ಇದೇ ದೊಡ್ಡ ತಕರಾರು.

ಮಳೆಗಾಲ:
ಒಪ್ದೆ, ಆದ್ರೆ ಕೆಲಸಕ್ಕೆ ಬಂದಿದ್ದೂ ಇದೆ. ಯುರೋಪಿನ ಆಮ್ಲಮಳೆ ತಗೊಳಿ. 1985ರ ಒಪ್ಪಂದದಲ್ಲಿ ಸಹಿ ಹಾಕ್ದೋರೆಲ್ಲ ಆ ಮಳೆಗೆ ಕಾರಣವಾದ ಹೊಗೆಯಲ್ಲಿನ ಗಂಧಕ 30% ಇಳಿಸ್ಬೇಕು ಅಂತ ಒಂದೇ ಅಳತೆ ಇತ್ತು. ಆಮೇಲೆ ಆಸ್ಟ್ರಿಯಾದಲ್ಲಿರೋ ಐಐಎಎಸ್‌ಎ ಅನ್ನೋ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ರೈನ್ಸ್ ಮಾಡೆಲ್ ಬಳಕೆಗೆ ಬಂತು, ಯಾವ ದೇಶದ ಹೊಗೆ ಎಲ್ಲಿ ಬೀಳತ್ತೆ, ಅಲ್ಲಿನ ಮಣ್ಣು, ಸರೋವರ ಎಷ್ಟು ತಡ್ಕೊಳತ್ತೆ, ಎಲ್ಲಿ ಇಳಿಸಿದ್ರೆ ಖರ್ಚು ಕಮ್ಮಿ ಅಂತ ಲೆಕ್ಕ ಹಾಕೋದು. 1994ರ ಒಪ್ಪಂದದಲ್ಲಿ ಒಂದೊಂದು ದೇಶಕ್ಕೆ ಒಂದೊಂದು ಗುರಿ ಬಂದಿದ್ದು ಹಂಗೆ. ನನ್ ಪ್ರಕಾರ ಅದು ಗೆದ್ದಿದ್ದು ಕರಾರುವಾಕ್ಕಾಗಿತ್ತು ಅಂತಲ್ಲ, ಮಾತುಕತೆಗೆ ಕೂತೋರು ತಮ್ಮ ತಮ್ಮ ಪ್ರಸ್ತಾಪನ ಅದೇ ಮಾಡೆಲ್‌ಗೆ ಹಾಕಿ ನೋಡ್ಬೋದಿತ್ತು.

ನೀವೂ ಮರುಪೂರಣಕ್ಕೆ ಒಂದೇ ನಂಬರ್ ಹಾಕ್ಬೇಡಿ, ಐವತ್ತು ಬೇರೆ ಬೇರೆ ಹಾಕಿ. ಯಾವ ಪ್ಲಾನ್ ಜಾಸ್ತಿ ಸಲ ನೀರು ಖಾಲಿ ಆಗ್ದೆ ಉಳ್ಕೊಳತ್ತೆ ನೋಡಿ.

ಗೊಂದಲಪ್ಪ:
ಮಾಡ್ದೆ! ಪಂಪಿಂಗ್‌ಗೆ ಮಿತಿ ಹಾಕಿದ ಪ್ಲಾನ್ 50ರಲ್ಲಿ 46 ಸಲ ಉಳೀತು, ಮಿತಿ ಇಲ್ದೆ ಬರೀ ಬೆಳೆ ಬದಲಾಯ್ಸಿದ್ದು 19 ಸಲ. ಖುಷಿ ಆಯ್ತು, ಆಮೇಲೆ ಹೊಳೀತು, ಮಿತಿ ಹಾಕಿದ್ರೆ ಜನ ಕೇಳ್ತಾರಾ ಅನ್ನೋದಕ್ಕೆ ನನ್ ಮಾಡೆಲ್‌ನಲ್ಲಿ ಜಾಗಾನೇ ಇಲ್ಲ, ಹೇಳಿದ ತಕ್ಷಣ ಎಲ್ರೂ ಪಂಪ್ ಆಫ್ ಮಾಡ್ತಾರೆ 😅

ಉಪ್ಪುನೀರು:
ಹಾಗಾದ್ರೆ ರೈತರನ್ನೆಲ್ಲ ಸೇರಿಸಿ ಒಂದೇ ನಂಬರ್ ಮಾಡ್ಬೇಡಿ, ಒಬ್ಬೊಬ್ಬರನ್ನೇ ಏಜೆಂಟ್ (ಮಾಡೆಲ್‌ನೊಳಗೆ ತಾನೇ ತೀರ್ಮಾನ ಮಾಡೋ ಪಾತ್ರ) ಆಗಿ ಬಿಡಿ, ಪಕ್ಕದೋನು ಕದ್ದು ಪಂಪ್ ಹಾಕಿದ್ರೆ ಇವನೂ ಹಾಕ್ತಾನೆ ಅನ್ನೋ ರೂಲ್ ಕೊಡಿ. ಆ 46 ಎಷ್ಟಕ್ಕೆ ಇಳೀತು ಅಂತ ಬಂದು ಹೇಳಿ.